ಕಡಲು ಸೇರಿದ ನೀರು ವ್ಯರ್ಥವೇ?



ನರಗುಂದ, ರೋಣ, ಗಜೇಂದ್ರಗಡದ ಸೀಮೆಯಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಇದೆ. "ನೀರು ಸುಮ್ಮನೆ ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ" ಎಂಬುದೇ ಆ ಮಾತು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಸಭೆಗಳ ಭಾಷಣದಲ್ಲಿ, ಒಮ್ಮೊಮ್ಮೆ ನಮ್ಮ ಕುಟುಂಬ ಪ್ರಾರ್ಥನೆಗಳ ಬಿನ್ನಹದಲ್ಲಿಯೂ ಅದು ಕೇಳಿಬರುತ್ತದೆ. ಮಾತು ಎಷ್ಟು ರೂಢಿಯಾಗಿದೆಯೆಂದರೆ ಅದರ ಸತ್ಯಾಸತ್ಯತೆಯನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಈ ತಿಂಗಳು ನಾವು ಅದನ್ನೇ ಸ್ವಲ್ಪ ಸಾವಧಾನದಿಂದ ಪರೀಕ್ಷಿಸೋಣ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಈ ಮಾತಿನ ಹಿಂದೆ ಇರುವುದು ಸ್ವಾರ್ಥವಲ್ಲ, ನೋವು. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿದಾಗ ಈ ಎರೆಭೂಮಿಯ ರೈತರು ದೊಡ್ಡ ಆಸೆ ಇಟ್ಟುಕೊಂಡಿದ್ದರು. ನೀರು ಸರಿಯಾಗಿ ತಲುಪದ ಹೊಲಗಳ ಮೇಲೂ ಅಭಿವೃದ್ಧಿ ಕರದ ಭಾರ ಬಿದ್ದಾಗ ಸಿಡಿದೆದ್ದರು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ಗುಂಡೇಟಿಗೆ ರೈತರು ಪ್ರಾಣ ಕಳೆದುಕೊಂಡರು. ಮುಂದೆ ಮಹದಾಯಿಯ ನೀರಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನೂ ಮೀರಿ ನಡೆಯಿತು. ಮಹದಾಯಿ ನ್ಯಾಯಮಂಡಳಿಯು 2018ರ ಆಗಸ್ಟ್ 14ರಂದು ನೀಡಿದ ತೀರ್ಪಿನಲ್ಲಿ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು 3.9 ಟಿಎಂಸಿ ನೀರನ್ನು ನಿಗದಿಪಡಿಸಿತು. ಬೇಸಿಗೆಯಲ್ಲಿ ಕೊಡ ಹಿಡಿದು ಕಾದು ನಿಂತ ತಾಯಂದಿರಿಗೆ ನೀರಿನ ಬೆಲೆಯನ್ನು ಹೊರಗಿನವರು ಬೋಧಿಸಬೇಕಾಗಿಲ್ಲ.

ಆದರೂ ನೋವಿನಿಂದ ಹುಟ್ಟಿದ ಮಾತೆಲ್ಲ ಸತ್ಯವೇ ಆಗಬೇಕೆಂದಿಲ್ಲ. ನೀರು ಸಮುದ್ರಕ್ಕೆ ಸೇರಿದರೆ ವ್ಯರ್ಥ ಎನ್ನುವಾಗ, ನಮ್ಮ ಕೈಗೆ ಸಿಗದ ವಸ್ತು ಯಾರಿಗೂ ಸಿಗಲಿಲ್ಲ ಎಂದು ನಾವು ಊಹಿಸಿಕೊಂಡಿರುತ್ತೇವೆ. ಈ ಊಹೆ ಸರಿಯೇ? ನದಿಯು ಕಡಲಿಗೆ ಒಯ್ಯುವುದು ನೀರನ್ನು ಮಾತ್ರವೇ? ಅಲ್ಲಿ ಅದನ್ನು ಕಾಯುತ್ತಿರುವವರು ಯಾರಾದರೂ ಇದ್ದಾರೆಯೇ? ಇವು ವಿಜ್ಞಾನದ ಪ್ರಶ್ನೆಗಳಂತೆ ಕಂಡರೂ ಕೊನೆಗೆ ನಮ್ಮನ್ನು ಒಂದು ನೈತಿಕ ಪ್ರಶ್ನೆಗೆ ತಂದು ನಿಲ್ಲಿಸುತ್ತವೆ. ನಾವು ಎಂದೂ ನೋಡದ, ನಮ್ಮ ಹೆಸರನ್ನೇ ಕೇಳದ ಜನರಿಗೆ ನಾವು ಸಲ್ಲಿಸಬೇಕಾದ ಋಣವೊಂದಿದೆಯೇ ಎಂಬುದೇ ಆ ಪ್ರಶ್ನೆ.

ನಮ್ಮ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಖಾನಾಪುರ ತಾಲೂಕಿನ ಕಾಡುಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಮಹದಾಯಿ ಪಶ್ಚಿಮಕ್ಕೆ ತಿರುಗಿ, ಗೋವೆಯಲ್ಲಿ ಮಾಂಡವಿ ಎನಿಸಿಕೊಂಡು, ಪಣಜಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗಿ ನವಿಲುತೀರ್ಥವನ್ನು ದಾಟಿ, ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರಗಳನ್ನೂ ರೋಣ ತಾಲೂಕಿನ ಹೊಳೆಆಲೂರನ್ನೂ ಮುಟ್ಟಿಕೊಂಡು ಹೋಗುತ್ತದೆ. ಮೆಣಸಗಿಯ ಬಳಿ ಬೆಣ್ಣಿಹಳ್ಳ ಅದನ್ನು ಕೂಡಿಕೊಳ್ಳುತ್ತದೆ. ಪಟ್ಟದಕಲ್ಲು, ಐಹೊಳೆಗಳನ್ನು ಕಳೆದು ಕೂಡಲಸಂಗಮದಲ್ಲಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಗಜೇಂದ್ರಗಡದ ಬೆಟ್ಟದ ಮೇಲೆ ಬಿದ್ದ ಹನಿಯೂ ಯಾವ ಹಳ್ಳ ಹಿಡಿದು ಹೊರಟರೂ ಕಡೆಗೆ ಕೃಷ್ಣೆಯ ಪಾಲೇ. ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳನ್ನು ದಾಟಿದ ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಹೀಗೆ ನಮ್ಮ ಬೆಣ್ಣಿಹಳ್ಳದ ಕೊನೆಯ ದಂಡೆ ಬಂಗಾಳ ಕೊಲ್ಲಿಯಲ್ಲಿದೆ.

ಬೆಣ್ಣಿಹಳ್ಳ ತುಂಬಿ ಬಂದದ್ದನ್ನು ಕಂಡವರಿಗೆ ನೀರಿನ ಬಣ್ಣ ನೆನಪಿರುತ್ತದೆ. ಆ ಬಣ್ಣ ಮಣ್ಣಿನದು. ಮಳೆ ಬಿಸಿಲಿಗೆ ಬಂಡೆ ಸವೆದು ಸಿಲಿಕಾ, ಕಬ್ಬಿಣ, ರಂಜಕಗಳು ನೀರಿಗೆ ಇಳಿಯುತ್ತವೆ. ಕಾಡಿನ ತರಗೆಲೆ, ಹೊಲದ ಕೂಳೆ, ದನಗಳ ಸಗಣಿ, ಸತ್ತ ಹುಳಹುಪ್ಪಟೆ ಎಲ್ಲವೂ ಕೊಳೆತು ಕರಗಿ ಸಾವಯವ ಪದಾರ್ಥವಾಗಿ ಹರಿಯುತ್ತವೆ. ಜಗತ್ತಿನ ನದಿಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 80 ಕೋಟಿ ಟನ್ನಿನಷ್ಟು ಇಂಗಾಲವನ್ನು ಸಮುದ್ರಗಳಿಗೆ ಒಯ್ಯುತ್ತವೆಂದು ವಿಜ್ಞಾನಿಗಳ ಅಂದಾಜು.

ಇದು ಕಡಲಂಚನ್ನು ತಲುಪಿದಾಗ ಏನಾಗುತ್ತದೆ? ಸಿಹಿನೀರು ಉಪ್ಪುನೀರು ಬೆರೆಯುವ ಅಳಿವೆಯಲ್ಲಿ ನೀರಿನ ವೇಗ ತಗ್ಗಿ ಮೆಕ್ಕಲು ಮಣ್ಣು ಕೆಳಗೆ ಕೂಡುತ್ತದೆ. ಆ ಮಣ್ಣಿನಲ್ಲಿ ಕಾಂಡ್ಲಾ ಗಿಡಗಳು ಬೇರೂರುತ್ತವೆ; ಅವುಗಳ ಬೇರಿನ ನಡುವೆ ಸಿಗಡಿ, ಏಡಿ, ಮೀನುಗಳ ಮರಿಗಳು ಬೆಳೆಯುತ್ತವೆ. ನೀರಿನಲ್ಲಿ ಕರಗಿದ ಸಾರಜನಕ ಮತ್ತು ರಂಜಕ, ನಮ್ಮ ಹೊಲಕ್ಕೆ ಗೊಬ್ಬರವಾಗುವಂತೆಯೇ, ಕಡಲಿಗೂ ಗೊಬ್ಬರ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಸಸ್ಯಪ್ಲವಕಗಳು ಅದನ್ನುಂಡು ಬೆಳೆಯುತ್ತವೆ. ಅವುಗಳಲ್ಲಿ ಡಯಾಟಮ್ ಎಂಬ ಜಾತಿಯು ನದಿ ತಂದ ಸಿಲಿಕಾದಿಂದ ತನ್ನ ಗಾಜಿನಂಥ ಕವಚವನ್ನು ಕಟ್ಟಿಕೊಳ್ಳುತ್ತದೆ. ಪ್ಲವಕವನ್ನು ಸಣ್ಣ ಜೀವಿ, ಅದನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು ತಿನ್ನುತ್ತದೆ. ಕೊನೆಗೆ ಅದು ಬೆಸ್ತನ ಬಲೆಗೆ ಬೀಳುತ್ತದೆ. ಕಡಲಿನ ಎಲ್ಲ ಆಹಾರವೂ ನದಿಯಿಂದಲೇ ಬರುತ್ತದೆಂದು ಹೇಳುವಂತಿಲ್ಲ. ನಮ್ಮ ಕರಾವಳಿಯ ಬೂತಾಯಿ, ಬಂಗಡೆಗಳಿಗೆ ಮಳೆಗಾಲದಲ್ಲಿ ಆಳದಿಂದ ಮೇಲೆದ್ದು ಬರುವ ತಂಪು ನೀರೇ ಮುಖ್ಯ ಪೋಷಣೆ. ಆದರೆ ಅಳಿವೆಯ ಮತ್ತು ದಂಡೆಯ ಬದುಕಿಗೆ ನದಿಯ ಕೊಡುಗೆಗೆ ಬದಲಿಯಿಲ್ಲ.

ಈ ಕೊಡುಗೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಈಜಿಪ್ಟಿನ ನೈಲ್ ನದಿ ಸಾಕ್ಷಿ. ಪ್ರತಿ ವರ್ಷದ ನೆರೆ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದಾಗ ದಂಡೆಯಲ್ಲಿ ಸಾರ್ಡಿನ್ ಮೀನು ರಾಶಿರಾಶಿಯಾಗಿ ಸಿಗುತ್ತಿತ್ತು. 1962ರಲ್ಲಿ ಸುಮಾರು 18,000 ಟನ್ ಸಿಕ್ಕಿತ್ತು. 1964ರಿಂದ ಅಸ್ವಾನ್ ದೊಡ್ಡ ಅಣೆಕಟ್ಟಿನ ಹಿಂದೆ ನೀರು ನಿಲ್ಲಲಾರಂಭಿಸಿತು. 1968ರ ಹೊತ್ತಿಗೆ ಆ ಮೀನು 600 ಟನ್ನಿಗೂ ಕಡಿಮೆಯಾಯಿತು. ಆ ಅಣೆಕಟ್ಟು ಈಜಿಪ್ಟಿನ ಹೊಲಗಳಿಗೆ ನೀರು ಕೊಟ್ಟಿತು, ಬೆಳಕು ಕೊಟ್ಟಿತು, ಬರಗಾಲವನ್ನು ತಡೆಯಿತು. ಅದನ್ನು ಕಟ್ಟಿದ್ದೇ ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅದರ ಬೆಲೆಯನ್ನು ದೂರದ ಬೆಸ್ತರು ತೆತ್ತರು ಎಂಬುದೂ ಅಷ್ಟೇ ನಿಜ.

ಅಷ್ಟು ದೂರ ಹೋಗುವುದೇಕೆ? ನಮ್ಮ ಕೃಷ್ಣೆಯನ್ನೇ ನೋಡಿ. ಕಳೆದ ಶತಮಾನದ ಮೊದಲರ್ಧದಲ್ಲಿ ಕೃಷ್ಣೆ ವರ್ಷಕ್ಕೆ ಸರಾಸರಿ ಸುಮಾರು 2000 ಟಿಎಂಸಿ ನೀರನ್ನು ಕಡಲಿಗೆ ಸೇರಿಸುತ್ತಿತ್ತು. ಮೂರು ರಾಜ್ಯಗಳಲ್ಲಿ ಅಣೆಕಟ್ಟುಗಳು ಎದ್ದ ಮೇಲೆ, 2001ರಿಂದ 2004ರವರೆಗಿನ ಬರಗಾಲದ ವರ್ಷಗಳಲ್ಲಿ ಸಮುದ್ರಕ್ಕೆ ಮುಟ್ಟಿದ್ದು ಹೆಚ್ಚುಕಡಿಮೆ ಏನೂ ಇಲ್ಲ. 2009 ಮತ್ತು 2019ರಂಥ ನೆರೆಯ ವರ್ಷಗಳಲ್ಲಿ ನೀರೇನೋ ಕಡಲಿಗೆ ಹೋಯಿತು. ಆದರೆ ಮಣ್ಣಿನ ಬಹುಪಾಲು ಜಲಾಶಯಗಳ ತಳದಲ್ಲೇ ಉಳಿಯುತ್ತದೆ. 1960ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಹೂಳನ್ನು ಒಯ್ಯುತ್ತಿದ್ದ ನದಿ, 2000ದಿಂದ 2005ರ ಅವಧಿಯಲ್ಲಿ ಒಯ್ದದ್ದು ಸುಮಾರು 4 ಲಕ್ಷ ಟನ್ ಮಾತ್ರ. ಹೊಸ ಮಣ್ಣು ಬಾರದ ಮುಖಜ ಭೂಮಿಯ ದಂಡೆಯನ್ನು ಅಲೆಗಳು ಕೊರೆಯುತ್ತಿವೆ. ಅಲ್ಲಿಯ ಬೆಸ್ತನ ಮನೆಯ ಕೆಳಗಿನ ಮರಳು ಜಾರುತ್ತಿದ್ದರೆ ಅದಕ್ಕೆ ಕಾರಣ ನೂರಾರು ಮೈಲಿ ದೂರದ ನಮ್ಮಂಥವರ ಊರುಗಳಲ್ಲಿಯೂ ಇದೆ.

ಹಾಗಾದರೆ ನದಿ ಹೆಚ್ಚು ಹೆಚ್ಚು ಒಯ್ದಷ್ಟೂ ಒಳ್ಳೆಯದೇ? ಇಲ್ಲಿ ನಾವು ಇನ್ನೊಂದು ಬದಿಯನ್ನೂ ನೋಡಬೇಕು. ನೈಲ್ ನದಿಯ ಕಡಲಂಚಿನಲ್ಲಿ 1980ರ ದಶಕದಲ್ಲಿ ಮೀನು ಮತ್ತೆ ಹೆಚ್ಚಿತು. ಕಾರಣವನ್ನು ಹುಡುಕಿದಾಗ, ಹೊಲಗಳಿಗೆ ಹಾಕಿದ ರಾಸಾಯನಿಕ ಗೊಬ್ಬರ ಮತ್ತು ದೊಡ್ಡ ನಗರಗಳ ಕೊಳಚೆ ನೀರು ಹಳೆಯ ನೆರೆಯ ಸ್ಥಾನವನ್ನು ತುಂಬಿರಬೇಕೆಂದು ವಿಜ್ಞಾನಿಗಳು ಗುರುತಿಸಿದರು. ಅಲ್ಲಿ ಅದು ಮೀನನ್ನು ತಂದಿತು. ಮಿತಿ ಮೀರಿದರೆ ಅದೇ ಪದಾರ್ಥ ಮರಣವನ್ನು ತರುತ್ತದೆ. ಅಮೆರಿಕದ ಮಿಸಿಸಿಪ್ಪಿ ನದಿ ಗೋವಿನಜೋಳದ ಹೊಲಗಳ ಗೊಬ್ಬರವನ್ನು ಮೆಕ್ಸಿಕೊ ಕೊಲ್ಲಿಗೆ ಸುರಿಯುತ್ತದೆ. ಅಲ್ಲಿ ಪಾಚಿ ಅಳತೆಗೆಟ್ಟು ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿದ್ದ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಮೀನು ಓಡಿಹೋಗುತ್ತದೆ, ಓಡಲಾರದ ಜೀವಿಗಳು ಸಾಯುತ್ತವೆ. 2017ರ ಬೇಸಿಗೆಯಲ್ಲಿ ಈ ನಿರ್ಜೀವ ವಲಯ 22,700 ಚದರ ಕಿಲೋಮೀಟರ್ ಹರಡಿತ್ತು. ಅದು ನಮ್ಮ ಗದಗ ಜಿಲ್ಲೆಯ ಸುಮಾರು ಐದರಷ್ಟು.

ನಮ್ಮಲ್ಲಿಯೂ ಇದೇ ಅದಲುಬದಲು ಸದ್ದಿಲ್ಲದೆ ನಡೆದಿದೆ. ಮೊದಲು ನದಿ ನಮ್ಮಿಂದ ಮಣ್ಣು, ಸಿಲಿಕಾ, ತರಗೆಲೆಯ ಸಾರವನ್ನು ಒಯ್ಯುತ್ತಿತ್ತು. ಅವನ್ನು ಈಗ ಅಣೆಕಟ್ಟುಗಳು ಹಿಡಿದಿಡುತ್ತವೆ. ಹತ್ತಿ, ಗೋವಿನಜೋಳ, ಈರುಳ್ಳಿಯ ಹೊಲಗಳಿಗೆ ಅಳತೆಯಿಲ್ಲದೆ ಎರಚಿದ ಯೂರಿಯಾ ಮತ್ತು ಡಿಎಪಿಯ ಉಳಿಕೆ, ಊರುಗಳ ಗಟಾರಿನ ನೀರು, ಇವು ಕರಗಿದ ರೂಪದಲ್ಲಿರುವುದರಿಂದ ಅಣೆಕಟ್ಟನ್ನು ಸುಲಭವಾಗಿ ದಾಟುತ್ತವೆ. ಹುಬ್ಬಳ್ಳಿಯ ಸುತ್ತಲಿನ ರೈತರು ನಗರದ ಕೊಳಚೆ ನೀರನ್ನು ಹೊಲಕ್ಕೆ ಹಾಯಿಸಿ ಬೆಳೆ ತೆಗೆದವರು. ಆ ನೀರಿನಲ್ಲಿ ಗೊಬ್ಬರದ ಸತ್ವವೆಷ್ಟು, ರೋಗದ ಅಪಾಯವೆಷ್ಟು ಎಂಬುದನ್ನು ಅವರು ಬಲ್ಲರು. ಕೊಡಬೇಕಾದದ್ದನ್ನು ತಡೆದು ಕೊಡಬಾರದ್ದನ್ನು ಕಳಿಸುವ ಸ್ಥಿತಿಗೆ ನಾವು ಬಂದಿದ್ದೇವೆ.

ನದಿಯು ಕಡಲಿಗೆ ಒಯ್ಯುವ ಇನ್ನೊಂದು ವಸ್ತು ಉಪ್ಪು. ಇದು ನಮ್ಮ ಹೊಲಕ್ಕೇ ಸಂಬಂಧಪಟ್ಟ ವಿಷಯ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ತುತ್ತಾದ ಭೂಮಿಯನ್ನು ತಾವು ನೋಡಿದ್ದೀರಿ. ಎರೆಮಣ್ಣಿನಲ್ಲಿ ನೀರು ಬಸಿದು ಹೋಗಲು ದಾರಿಯಿಲ್ಲದಿದ್ದರೆ, ಅದು ಅಲ್ಲೇ ನಿಂತು ಬಿಸಿಲಿಗೆ ಆರುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಮಣ್ಣಿನ ಮೇಲೆ ಬೆಳ್ಳಗೆ ಉಳಿಯುತ್ತದೆ. ಹೊಲದ ಉಪ್ಪು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ, ಹೊಳೆಯದ್ದು ಕಡಲಿಗೆ ಹೋಗುತ್ತಿರಬೇಕು. ಒಂದು ಹನಿಯೂ ಕಡಲಿಗೆ ಹೋಗದಂತೆ ಇಡೀ ಕೊಳ್ಳವನ್ನು ಮುಚ್ಚಿಬಿಟ್ಟರೆ ಆ ಉಪ್ಪೆಲ್ಲ ಎಲ್ಲಿ ಉಳಿಯಬೇಕು? ನಮ್ಮ ಮಕ್ಕಳು ಉಳಬೇಕಾದ ಹೊಲದಲ್ಲಿಯೇ. ಆದ್ದರಿಂದ ನದಿ ಕಡಲನ್ನು ಮುಟ್ಟುವುದು ಬೆಸ್ತನಿಗೆ ಎಷ್ಟು ಅಗತ್ಯವೋ ರೈತನಿಗೂ ಅಷ್ಟೇ ಅಗತ್ಯ.

ಈಗ ನಮ್ಮ ನೈತಿಕ ಪ್ರಶ್ನೆಗೆ ಬರೋಣ. ಕೆಲವರು ನ್ಯಾಯವಾಗಿಯೇ ಕೇಳಬಹುದು: "ಗುರುಗಳೇ, ನಮ್ಮ ಮನೆಯಲ್ಲಿ ಕುಡಿಯಲು ನೀರಿಲ್ಲ. ಮೀನಿನ ಚಿಂತೆ ನಾವು ಮಾಡಬೇಕೇ? ಮೇಲಿನವರು ಕಬ್ಬು ಬೆಳೆಯುತ್ತಾರೆ, ನಗರದವರು ಕಾರು ತೊಳೆಯುತ್ತಾರೆ. ಕಡಲಿನ ಋಣ ತೀರಿಸುವವರು ನಾವೇ ಆಗಬೇಕೇ?" ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬಡವನಿಗೆ ತ್ಯಾಗವನ್ನು ಬೋಧಿಸಿ ಉಳ್ಳವನ ಭೋಗಕ್ಕೆ ಕಣ್ಣು ಮುಚ್ಚುವ ನೀತಿ ನೀತಿಯೇ ಅಲ್ಲ. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಎಂಬ ವಿಶ್ವಪತ್ರದಲ್ಲಿ, ಶುದ್ಧ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದು ಸಾರಿದರು. ಅದೇ ಪತ್ರದಲ್ಲಿ ಕಡಲಿನ ಜೀವಸಂಕುಲಕ್ಕೆ ಒದಗಿರುವ ಆಪತ್ತನ್ನೂ ಎತ್ತಿ ತೋರಿಸಿದರು. ಎರಡನ್ನೂ ಒಟ್ಟಿಗೆ ಹೇಳಲು ಸಾಧ್ಯವಾದದ್ದು ಹೇಗೆ? ಅಗತ್ಯಗಳಿಗೆ ಒಂದು ಕ್ರಮವಿದೆ ಎಂಬುದರಿಂದ. ಮಗುವಿನ ಬಾಯಾರಿಕೆ ಮೊದಲು. ಜನರ ಹೊಟ್ಟೆ ತುಂಬಿಸುವ ಬೆಳೆ ನಂತರ. ಅಳಿವೆಯ ಜೀವಕ್ಕೆ ಬೇಕಾದ ಹರಿವು ಅದರ ಜೊತೆಗೆ. ಲಾಭಕ್ಕಾಗಿ ನೀರು ಕುಡಿಯುವ ಬೆಳೆ ಮತ್ತು ಭೋಗದ ಬಳಕೆ ಕಟ್ಟಕಡೆಗೆ. ನಮ್ಮ ಬಾಯಾರಿಕೆಗೂ ಕಡಲಿಗೂ ಜಗಳವಿರುವುದು ಬಹಳ ಕಡಿಮೆ; ಹೆಚ್ಚಿನ ಜಗಳ ಈ ಕೊನೆಯದಕ್ಕೂ ಉಳಿದವುಗಳಿಗೂ ನಡುವೆ ಇದೆ.

ಹೀಗಿರುವಾಗ ಕುಡಿಯುವ ನೀರು ಕೇಳುವವರು ತಮ್ಮ ಅಗತ್ಯವನ್ನು ಹೇಳಿ ಕೇಳಿದರೆ ಸಾಕು, ಅದೇ ಬಲವಾದ ವಾದ. ಅದಕ್ಕೆ "ಹೇಗಿದ್ದರೂ ವ್ಯರ್ಥವಾಗುವ ನೀರು" ಎಂಬ ದುರ್ಬಲ ಊರುಗೋಲು ಬೇಕಿಲ್ಲ. ಮಾಂಡವಿಯ ಅಳಿವೆಯಲ್ಲಿ ಬಲೆ ಬೀಸುವ ಕುಟುಂಬಗಳಿವೆ. ಅವರೂ ನಮ್ಮಂತೆಯೇ ಮಕ್ಕಳ ಶಾಲೆಯ ಫೀಜಿಗೆ ಪರದಾಡುವವರು, ಅವರಲ್ಲಿ ಹಲವರು ಭಾನುವಾರ ನಮ್ಮಂತೆಯೇ ಬಲಿಪೂಜೆಗೆ ಹೋಗುವವರು. ಅವರ ಪಾಲಿನ ನೀರನ್ನು ವ್ಯರ್ಥ ಎಂದು ಕರೆದಾಗ ಅವರ ಬದುಕನ್ನೇ ವ್ಯರ್ಥವೆಂದು ಕರೆದಂತಾಗುತ್ತದೆ. ಅವರು ನಮ್ಮ ಬಾಯಾರಿಕೆಯನ್ನು ಸುಳ್ಳೆಂದಾಗ ನಮಗೆ ಎಷ್ಟು ನೋಯುತ್ತದೆಯೋ ಅಷ್ಟೇ ಅವರಿಗೂ ನೋಯುತ್ತದೆ.

ಇದನ್ನು ಅರ್ಥಮಾಡಿಕೊಳ್ಳಲು ನರಗುಂದದ ರೈತನಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ? ಕಾಲುವೆಯ ಕೊನೆಯ ಭಾಗದ ಹೊಲದವನ ಸಂಕಟ ಅವನಿಗೆ ಗೊತ್ತು. ಮೇಲಿನವರು ತಮ್ಮ ಹೊಲ ತುಂಬಿದ ಮೇಲೂ ತೂಬು ತೆರೆದೇ ಇಟ್ಟರೆ, ಕೆಳಗಿನವನ ಪೈರು ಒಣಗುತ್ತದೆ. ಮೇಲಿನವರು ತಮ್ಮ ಹೊಲದ ಸವಳು ನೀರನ್ನು ಕಾಲುವೆಗೆ ಬಿಟ್ಟರೆ, ಕೆಳಗಿನವನ ಹೊಲ ಕೆಡುತ್ತದೆ. "ಕೆಳಗೆ ಹೋದ ನೀರು ವ್ಯರ್ಥ" ಎಂದು ಮೇಲಿನವನು ಹೇಳಿದರೆ ನಮ್ಮ ರೈತ ಸಹಿಸುತ್ತಾನೆಯೇ? ಕಡಲನ್ನು ಕಾಲುವೆಯ ಕಟ್ಟಕಡೆಯ ಹೊಲವೆಂದು ಭಾವಿಸಿ ನೋಡಿ. ಅಲ್ಲಿಯೂ ಬಿತ್ತದೆ ಬೆಳೆಯುವ ಒಂದು ಬೆಳೆಯಿದೆ, ಅದನ್ನು ಕೊಯ್ಯುವ ಕೈಗಳಿವೆ. ನಾವು ಮೇಲಿನವರಿಂದ ಯಾವ ನ್ಯಾಯವನ್ನು ಕೇಳುತ್ತೇವೆಯೋ ಅದೇ ನ್ಯಾಯವನ್ನು ನಮ್ಮ ಕೆಳಗಿನವರಿಗೆ ಸಲ್ಲಿಸುವುದು ಧರ್ಮ. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ನಮ್ಮ ಪ್ರಭು ಕೊಟ್ಟ ಉತ್ತರದಲ್ಲಿ, ನೆರೆಹೊರೆಯನ್ನು ಮನೆಗಳ ನಡುವಿನ ದೂರದಿಂದ ಅಳೆಯಲಿಲ್ಲ ಎಂಬುದನ್ನು ತಾವು ಬಲ್ಲಿರಿ.

ಪವಿತ್ರ ಗ್ರಂಥವೂ ಈ ವಿಷಯದಲ್ಲಿ ಮೌನವಾಗಿಲ್ಲ. ಪ್ರವಾದಿ ಯೆಜೆಕಿಯೇಲನ ಗ್ರಂಥದ 47ನೇ ಅಧ್ಯಾಯದಲ್ಲಿ ದೇವಾಲಯದಿಂದ ಹೊರಟ ಒಂದು ಹೊಳೆಯ ದರ್ಶನವಿದೆ. ಅದು ದಂಡೆಯ ಮರಗಳನ್ನು ಪೋಷಿಸುತ್ತ ಹರಿದು, ಸತ್ತ ಸಮುದ್ರವನ್ನು ಸೇರಿ ಅದರ ನೀರನ್ನು ಜೀವಂತಗೊಳಿಸುತ್ತದೆ; ಅಲ್ಲಿ ಬೆಸ್ತರು ಬಲೆ ಹರಡುತ್ತಾರೆ. ಅಲ್ಲಿಯ ಜೌಗು ಮಾತ್ರ ಉಪ್ಪಾಗಿಯೇ ಉಳಿಯುತ್ತದೆ. ಮರುಭೂಮಿಯ ಅಂಚಿನಲ್ಲಿ ಬದುಕಿದ, ನೀರಿನ ಬೆಲೆ ಬಲ್ಲ ಜನಾಂಗವೊಂದು ಕಡಲಿಗೆ ಹೋದ ಹೊಳೆಯನ್ನು ನಷ್ಟವೆಂದು ಭಾವಿಸದೆ ದೇವರ ಆಶೀರ್ವಾದದ ಪೂರ್ಣತೆಯೆಂದು ಕಂಡಿತು. ಇದನ್ನು ನಾವು ಧ್ಯಾನಿಸಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಅಣೆಕಟ್ಟುಗಳ ನಿರ್ಧಾರ ನಮ್ಮ ಕೈಯಲ್ಲಿಲ್ಲದಿರಬಹುದು, ಆದರೆ ನಮ್ಮ ಹೊಲದ ಬದು ನಮ್ಮ ಕೈಯಲ್ಲಿದೆ. ಬದು ಹಾಕಿ, ಕೃಷಿಹೊಂಡ ತೋಡಿ, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸಿದರೆ ಅದರಿಂದ ಕೆಳಗಿನವರಿಗೆ ಹೆಚ್ಚಿನ ನಷ್ಟವಿಲ್ಲ. ನಮ್ಮ ಮೇಲ್ಮಣ್ಣು ಒಮ್ಮೆಲೇ ಕೊಚ್ಚಿಹೋಗುವುದೂ ತಪ್ಪುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕಿದರೆ ಹಣವೂ ಉಳಿಯುತ್ತದೆ, ಹಳ್ಳವೂ ಉಳಿಯುತ್ತದೆ. ಹೆಸರು, ಕಡಲೆಯಂಥ ನಮ್ಮ ಹಳೆಯ ಬೆಳೆಗಳು ಗಾಳಿಯ ಸಾರಜನಕವನ್ನು ತಾವೇ ಹಿಡಿದು ಮಣ್ಣಿಗೆ ಕೊಡುತ್ತವೆ, ಅವುಗಳನ್ನು ಕೈಬಿಡಬೇಡಿ. ಗಟಾರದ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಡುವ ಪಂಚಾಯತಿಯನ್ನು ಗ್ರಾಮಸಭೆಯಲ್ಲಿ ಪ್ರಶ್ನಿಸಿ. ನೀರಿನ ಹಂಚಿಕೆಯ ಮಾತು ಬಂದಾಗ ಕುಡಿಯುವ ನೀರಿಗಾಗಿ ಧೈರ್ಯದಿಂದ ದನಿಯೆತ್ತಿ. ಅದರೊಂದಿಗೆ, ನದಿಯ ಕೊನೆಯವರೆಗೂ ಒಂದು ಪಾಲು ಹರಿಯಲಿ ಎಂದೂ ಹೇಳಿ. ಹೀಗೆ ಹೇಳುವ ರೈತನ ಮಾತಿಗೆ ತೂಕ ಹೆಚ್ಚು, ಏಕೆಂದರೆ ಅವನು ತನಗಾಗಿ ಮಾತ್ರ ಕೇಳುತ್ತಿಲ್ಲ.

ಮನೆಯಲ್ಲಿ ಮಕ್ಕಳಿರುವವರಿಗೆ ಒಂದು ಸಣ್ಣ ಸಲಹೆ. ಒಂದು ಸಂಜೆ ಭೂಪಟವನ್ನು ಹರಡಿ, ಮಲಪ್ರಭೆಯ ಮೇಲೆ ಬೆರಳಿಟ್ಟು, ಕೂಡಲಸಂಗಮದಿಂದ ಹಂಸಲದೀವಿಯವರೆಗೆ ಅವರ ಬೆರಳನ್ನು ನಡೆಸಿ. ದಾರಿಯಲ್ಲಿ ಬರುವ ಊರುಗಳ ಹೆಸರುಗಳನ್ನು ಓದಿಸಿ. ಆ ಊರುಗಳಲ್ಲಿ ಯಾರಿದ್ದಾರೆ, ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ ಎಂದು ಕೇಳಿ. ರಾತ್ರಿಯ ಪ್ರಾರ್ಥನೆಯಲ್ಲಿ ಅವರನ್ನೂ ಒಮ್ಮೆ ನೆನೆಯಿರಿ.